ಮದ್ದಿಗೆ ನಿಷೇಧ ಬಂತು. ಕೋಳಿಮರಿಯ ಕರುಳಿಗೆ ಕಾವಲು ಯಾರು?

ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವ ಆ್ಯಂಟಿಬಯೋಟಿಕ್ ಮದ್ದುಗಳ ವಿಷಯದಲ್ಲಿ ನಮ್ಮ ದೇಶದ ಕಾನೂನು ಕೆಲವು ವರ್ಷಗಳಿಂದ ಒಂದೊಂದಾಗಿ ಬಾಗಿಲು ಮುಚ್ಚುತ್ತ ಬಂದಿದೆ. 2019ರ ಜುಲೈಯಲ್ಲಿ ಕೊಲಿಸ್ಟಿನ್ ಎಂಬ ಮದ್ದನ್ನು ದನ, ಕೋಳಿ, ಮೀನುಗಳ ಸಾಕಣೆಯಲ್ಲಾಗಲಿ ಅವುಗಳ ಆಹಾರದಲ್ಲಾಗಲಿ ಬಳಸಕೂಡದೆಂದು ಕೇಂದ್ರ ಆರೋಗ್ಯ ಸಚಿವಾಲಯ ಆದೇಶಿಸಿತು. 2025ರಲ್ಲಿ ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ವರ್ಗದ ಮದ್ದುಗಳ ಸರದಿ ಬಂತು. ಅದೇ ವರ್ಷದ ಏಪ್ರಿಲ್ 1ರಿಂದ ಹಾಲು, ಮೊಟ್ಟೆ, ಮಾಂಸ, ಮೀನುಗಳಲ್ಲಿ ಉಳಿಯುವ ಮದ್ದಿನ ಅಂಶದ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಬಿಗಿಯಾದ ನಿಯಮಗಳು ಜಾರಿಗೆ ಬಂದವು. ಇವೆಲ್ಲವೂ ಬೇಕಾಗಿದ್ದ ಕ್ರಮಗಳೇ. ತಡವಾಯಿತೆಂದು ಬೇಕಾದರೆ ಹೇಳಬಹುದು.

ಆದರೆ ಕೊಡಬೇಡಿ ಎನ್ನುವ ಮಾತು ಕೋಳಿ ಸಾಕುವವನ ಕಿವಿಗೆ ಬಿದ್ದ ಕೂಡಲೇ ಅವನು ಕೇಳುವ ಪ್ರಶ್ನೆ ಒಂದೇ: ಹಾಗಾದರೆ ಕೊಡಬೇಕಾದುದು ಏನು? ಈ ಪ್ರಶ್ನೆಗೆ ಈಗ ಪೇಟೆಯಲ್ಲಿ ಸಿದ್ಧವಾಗಿರುವ ಉತ್ತರ ಪ್ರೊಬಯೋಟಿಕ್ ಎಂಬುದು. ಅಂದರೆ ಉಪಕಾರಿ ಸೂಕ್ಷ್ಮಜೀವಿಗಳನ್ನು ಕರುಳಿಗೆ ಕಳುಹಿಸಿ ಅಪಕಾರಿಗಳನ್ನು ಅಡಗಿಸುವ ಉಪಾಯ. ಪುಡಿಯಾಗಿ, ದ್ರವವಾಗಿ, ಸಿದ್ಧ ಆಹಾರದಲ್ಲಿ ಬೆರೆತು ಅದು ನಮ್ಮ ಹಳ್ಳಿಗಳಿಗೂ ಬರುತ್ತಿದೆ. ಅದರ ಹಿಂದಿರುವ ವಿಜ್ಞಾನ ಎಷ್ಟು, ವ್ಯಾಪಾರ ಎಷ್ಟು ಎಂದು ತಿಳಿದುಕೊಳ್ಳುವುದು ಹಟ್ಟಿಯಲ್ಲಿ ಎರಡು ದನ ಅಥವಾ ಶೆಡ್ಡಿನಲ್ಲಿ ಎರಡು ಸಾವಿರ ಕೋಳಿ ಇರುವ ಪ್ರತಿಯೊಂದು ಮನೆಗೂ ಅಗತ್ಯವಾಗಿದೆ.

ಮೊದಲಿಗೆ, ರೋಗವಿಲ್ಲದ ಕೋಳಿಗೆ ಮದ್ದು ಕೊಡುವ ಪದ್ಧತಿ ಹೇಗೆ ಬಂತೆಂಬುದನ್ನು ನೋಡೋಣ. 1940ರ ದಶಕದ ಕೊನೆಯಲ್ಲಿ ಅಮೇರಿಕದಲ್ಲಿ ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಯಲ್ಲಿ ಉಳಿದ ಚರಟವನ್ನು ಕೋಳಿಯ ಆಹಾರದಲ್ಲಿ ಬೆರೆಸಿದಾಗ ಕೋಳಿ ಬೇಗ ಬೆಳೆಯುವುದು ಕಂಡುಬಂತು. ಅಲ್ಲಿಂದ ಮುಂದೆ ಸ್ವಲ್ಪ ಸ್ವಲ್ಪ ಮದ್ದನ್ನು ನಿತ್ಯವೂ ಆಹಾರದೊಡನೆ ಕೊಡುವುದು ಲಾಭದ ದಾರಿಯಾಯಿತು. ಸ್ವಲ್ಪ ಪ್ರಮಾಣ, ನಿತ್ಯ ಬಳಕೆ ಎಂದರೆ ಸೂಕ್ಷ್ಮಜೀವಿಗಳಿಗೆ ಆ ಮದ್ದನ್ನು ಸಹಿಸುವ ಪಾಠ ಕಲಿಸಿದಂತೆ. 1969ರಷ್ಟು ಹಿಂದೆಯೇ ಬ್ರಿಟನ್ನಿನ ಸ್ವಾನ್ ಸಮಿತಿ ಈ ಅಪಾಯವನ್ನು ಎತ್ತಿ ಹೇಳಿತ್ತು. 2015ರಲ್ಲಿ ಚೀನಾದಿಂದ ಬಂದ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಬೇರೆ ಮದ್ದುಗಳೆಲ್ಲ ಸೋತಾಗ ಮನುಷ್ಯರ ಪ್ರಾಣ ಉಳಿಸಲು ವೈದ್ಯರು ಕೊನೆಯದಾಗಿ ಆಶ್ರಯಿಸುವ ಕೊಲಿಸ್ಟಿನ್‌ಗೇ ಜಗ್ಗದ ಗುಣವೊಂದು ಹಂದಿಗಳಲ್ಲಿ, ಅಂಗಡಿಯ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಒಟ್ಟಿಗೆ ಕಂಡುಬಂದಿತ್ತು. ಮಾತ್ರವಲ್ಲ, ಅದು ಒಂದು ಜಾತಿಯ ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಬಲ್ಲ ಗುಣವಾಗಿತ್ತು. ಚೀನಾ 2017ರಲ್ಲಿ ಬೆಳವಣಿಗೆಗಾಗಿ ಕೊಲಿಸ್ಟಿನ್ ಕೊಡುವುದನ್ನು ನಿಲ್ಲಿಸಿತು. ಅನಂತರ ಆ ಗುಣವುಳ್ಳ ಬ್ಯಾಕ್ಟೀರಿಯಗಳು ಅಲ್ಲಿ ಕಡಿಮೆಯಾದದ್ದು ದಾಖಲಾಗಿದೆ. ನಿಷೇಧದಿಂದ ಫಲವಿಲ್ಲ ಎನ್ನುವವರಿಗೆ ಇದು ಉತ್ತರ. ನಮ್ಮಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ರಾಜಧಾನಿಯ ಸುತ್ತಮುತ್ತಲಿನ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡಾ 40ರಲ್ಲಿ ಆ್ಯಂಟಿಬಯೋಟಿಕ್ ಅಂಶ ಸಿಕ್ಕಿತ್ತು.

ಹೀಗೆ ಮದ್ದನ್ನು ಬಿಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಬಿಟ್ಟ ಮೇಲೆ ಏನಾಗುತ್ತದೆ ಎಂಬುದಕ್ಕೆ ನಮಗಿಂತ ಮೊದಲೇ ಬಿಟ್ಟವರ ಅನುಭವ ಉಪಯುಕ್ತ. ಸ್ವೀಡನ್ ದೇಶ 1986ರಲ್ಲಿಯೇ ಬೆಳವಣಿಗೆಯ ಮದ್ದುಗಳನ್ನು ನಿಲ್ಲಿಸಿತು. ಮೊದಲ ಕೆಲವು ವರ್ಷ ತಾಯಿಯಿಂದ ಬೇರ್ಪಡಿಸಿದ ಹಂದಿಮರಿಗಳಲ್ಲಿ ಭೇದಿ ಹೆಚ್ಚಿತು. ಕೊಟ್ಟಿಗೆಯ ಏರ್ಪಾಡು, ಹಾಲು ಬಿಡಿಸುವ ವಯಸ್ಸು, ಆಹಾರ ಎಲ್ಲವನ್ನೂ ತಿದ್ದಿಕೊಂಡ ಮೇಲೆ ಸರಿಹೋಯಿತು. ಡೆನ್ಮಾರ್ಕಿನಲ್ಲಿಯೂ ಹೀಗೆಯೇ: ಬೆಳವಣಿಗೆಯ ಮದ್ದು ನಿಂತಿತು, ಆದರೆ ಭೇದಿಯ ಚಿಕಿತ್ಸೆಗೆಂದು ಕೊಡುವ ಮದ್ದು ಕೆಲಕಾಲ ಏರಿತು. ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಎಲ್ಲ ಸದಸ್ಯ ದೇಶಗಳಲ್ಲಿ ಈ ನಿಷೇಧವನ್ನು ತಂದಾಗ ಹಲವು ಕಡೆ ಹಂದಿಮರಿಗಳಿಗೆ ಸತುವಿನ ಆಕ್ಸೈಡನ್ನು ಹೇರಳವಾಗಿ ಕೊಡುವ ದಾರಿ ಹಿಡಿದರು. ಅದು ಮಣ್ಣಿಗೆ ಸೇರಿ ಬೇರೆ ಉಪದ್ರವ ತಂದುದರಿಂದ 2022ರಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಒಂದು ಮದ್ದನ್ನು ತೆಗೆದರೆ ಅದರ ಜಾಗ ಖಾಲಿಯಾಗಿ ಕೂರುವುದಿಲ್ಲ. ಇನ್ನೊಂದು ಬಂದೇ ಬರುತ್ತದೆ. ಕರುಳಿನೊಳಗಿನ ಕಥೆಯೂ ಇದೇ. ಅದನ್ನು ಮೊದಲು ಸ್ಪಷ್ಟವಾಗಿ ಕಂಡವರು ಫಿನ್ಲೆಂಡಿನ ಪಶುವೈದ್ಯ ವಿಜ್ಞಾನಿಗಳು.

1971ರಲ್ಲಿ ಫಿನ್ಲೆಂಡಿನ ಮಾಂಸದ ಕೋಳಿಗಳಲ್ಲಿ ಸಾಲ್ಮೊನೆಲ್ಲ ಇನ್‌ಫಾಂಟಿಸ್ ಎಂಬ ಬ್ಯಾಕ್ಟೀರಿಯ ವ್ಯಾಪಕವಾಗಿ ಹರಡಿತು. ಕಲುಷಿತವಾದ ಆಹಾರ ಸಾಮಗ್ರಿಯಿಂದ ಅದು ಬಂದಿತ್ತು. ಸಾಲ್ಮೊನೆಲ್ಲ ಹೊಕ್ಕ ಕೋಳಿ ಹಲವು ಸಲ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಅದರ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರಿಗೆ ವಾಂತಿಭೇದಿ. ಎಸ್ಕೊ ನುರ್ಮಿ ಎಂಬ ವಿಜ್ಞಾನಿ ಇಲ್ಲಿ ಒಂದು ಹಳೆಯ ಒಗಟನ್ನು ಕೈಗೆತ್ತಿಕೊಂಡರು. ಮೊಟ್ಟೆಯೊಡೆದು ಬಂದ ಮರಿಗೆ ಬೆರಳೆಣಿಕೆಯ ಸಾಲ್ಮೊನೆಲ್ಲ ಕಣಗಳು ಸಾಕು, ಸೋಂಕು ತಗಲುತ್ತದೆ. ಅದೇ ಕೋಳಿ ಕೆಲವು ವಾರ ಬೆಳೆದ ಮೇಲೆ ಲಕ್ಷಗಟ್ಟಲೆ ಕಣಗಳನ್ನು ನುಂಗಿದರೂ ಹಲವು ಸಲ ಏನೂ ಆಗುವುದಿಲ್ಲ. ಇದು 1952ರಷ್ಟು ಹಿಂದೆಯೇ ಅಮೇರಿಕದ ಸಂಶೋಧಕರು ಗಮನಿಸಿದ್ದ ಸಂಗತಿ. ದೊಡ್ಡ ಕೋಳಿಯಲ್ಲಿದ್ದು ಮರಿಯಲ್ಲಿಲ್ಲದ ರಕ್ಷಣೆ ಯಾವುದು?

ದೊಡ್ಡ ಕೋಳಿಯ ಕರುಳಿನಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಗಳು ಮೊದಲೇ ಸಂಸಾರ ಹೂಡಿರುತ್ತವೆ ಎಂಬುದೇ ಆ ರಕ್ಷಣೆ ಎಂದು ನುರ್ಮಿ ಊಹಿಸಿದರು. ಆರೋಗ್ಯವಂತ ಹುಂಜಗಳ ಕರುಳಿನ ವಸ್ತುವನ್ನು ತೆಗೆದು, ನೀರಿನಂತೆ ತೆಳುಮಾಡಿ, ಆಗಷ್ಟೇ ಹುಟ್ಟಿದ ಮರಿಗಳಿಗೆ ಕುಡಿಸಿ, ಅನಂತರ ಸಾಲ್ಮೊನೆಲ್ಲವನ್ನು ಕೊಟ್ಟು ನೋಡಿದರು. ಕುಡಿಸದ ಮರಿಗಳಿಗೆ ಸೋಂಕು ಹಿಡಿಯಿತು. ಕುಡಿಸಿದವುಗಳಲ್ಲಿ ಬಹುಪಾಲು ಪಾರಾದವು. ನುರ್ಮಿ ಮತ್ತು ಅವರ ಸಹೋದ್ಯೋಗಿ ರಂಟಾಲ ಬರೆದ ಚಿಕ್ಕ ಲೇಖನ 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿಗೂ ಕೋಳಿ ವಿಜ್ಞಾನದಲ್ಲಿ ಇದಕ್ಕೆ ನುರ್ಮಿ ಪದ್ಧತಿ ಎಂದೇ ಹೆಸರು.

ಇದು ನಡೆಯುವ ಕ್ರಮವನ್ನು ನಮ್ಮ ಓದುಗರು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು. ಜಾತ್ರೆಗೆ ಹೋಗುವ ಬಸ್ಸಿನಲ್ಲಿ ಸೀಟು ಹಿಡಿಯುವ ಅನುಭವ ಎಲ್ಲರಿಗೂ ಇದೆ. ಕರುಳಿನ ಒಳಗೋಡೆಯಲ್ಲಿ ಬ್ಯಾಕ್ಟೀರಿಯ ಅಂಟಿಕೊಳ್ಳಬೇಕಾದ ಜಾಗಗಳಿವೆ. ಉಪಕಾರಿಗಳು ಮೊದಲೇ ಹತ್ತಿ ಕುಳಿತರೆ ತಡವಾಗಿ ಬಂದ ಸಾಲ್ಮೊನೆಲ್ಲಕ್ಕೆ ನಿಲ್ಲಲು ತಾವಿಲ್ಲ, ಹಿಕ್ಕೆಯೊಂದಿಗೆ ಹೊರಬೀಳಬೇಕಾಗುತ್ತದೆ. ಸೀಟು ಮಾತ್ರವಲ್ಲ, ಊಟವನ್ನೂ ಮೊದಲು ಬಂದವರು ಮುಗಿಸಿರುತ್ತಾರೆ. ಇನ್ನೂ ಒಂದಿದೆ. ಕೋಳಿಗೆ ಎರಡು ಕುರುಡುಕರುಳುಗಳಿವೆ. ಸಾಲ್ಮೊನೆಲ್ಲ ಮುಖ್ಯವಾಗಿ ಬೀಡುಬಿಡುವುದು ಅಲ್ಲಿ. ಅಲ್ಲಿ ಗಾಳಿಯಿಲ್ಲದೆ ಬದುಕುವ ಉಪಕಾರಿ ಬ್ಯಾಕ್ಟೀರಿಯಗಳು ನಾರನ್ನೂ ಪಿಷ್ಟವನ್ನೂ ಹುಳಿಯಿಸಿ ಪ್ರೊಪಿಯೋನಿಕ್, ಬ್ಯೂಟಿರಿಕ್ ಮೊದಲಾದ ಆಮ್ಲಗಳನ್ನು ಉಂಟುಮಾಡುತ್ತವೆ. ಆ ಹುಳಿಯಲ್ಲಿ ಸಾಲ್ಮೊನೆಲ್ಲ ಏಳಿಗೆಯಾಗದು. ಕೆಲವು ಜಾತಿಗಳು ಎದುರಾಳಿಯನ್ನು ಕೊಲ್ಲುವ ವಸ್ತುಗಳನ್ನೂ ಒಸರುತ್ತವೆ. ಸೂಕ್ಷ್ಮಜೀವಿ ಎಂದರೆ ರೋಗ ಎಂದೇ ಉತ್ತರಪತ್ರಿಕೆಯಲ್ಲಿ ಬರೆಯುವ ಮಕ್ಕಳನ್ನು ನಾವು ವರ್ಷವೂ ನೋಡುತ್ತೇವೆ. ದೊಡ್ಡವರ ಅಭಿಪ್ರಾಯವೂ ಅದಕ್ಕಿಂತ ಬಹಳ ಭಿನ್ನವಲ್ಲ.

ಈಗ ಮುಖ್ಯ ಪ್ರಶ್ನೆ. ಕೋಳಿಯ ವಂಶ ಇಷ್ಟು ಸಾವಿರ ವರ್ಷ ನುರ್ಮಿಯ ನೆರವಿಲ್ಲದೆ ಹೇಗೆ ಉಳಿಯಿತು? ಉತ್ತರ ನಮ್ಮ ಅಂಗಳದಲ್ಲಿದೆ. ಊರ ಕೋಳಿಯ ಹೇಂಟೆ ಇಪ್ಪತ್ತೊಂದು ದಿನ ಕಾವು ಕೂತು ಮರಿ ಮಾಡುತ್ತದೆ. ಮರಿಗಳು ಅದರ ರೆಕ್ಕೆಯಡಿ ಮಲಗುತ್ತವೆ, ಅದು ಕೆದರಿದ ಕಸದಲ್ಲಿ ಕುಕ್ಕುತ್ತವೆ, ಅದರ ಹಿಕ್ಕೆಯನ್ನೂ ಕುಕ್ಕುತ್ತವೆ. ಮೊದಲ ದಿನವೇ ತಾಯಿಯ ಕರುಳಿನ ಉಪಕಾರಿಗಳು ಮರಿಯ ಕರುಳಿಗೆ ವರ್ಗವಾಗುತ್ತವೆ. ಮರಿ ಮಾಡುವ ಯಂತ್ರದಲ್ಲಿ ಹುಟ್ಟಿದ ಮರಿಗೆ ತಾಯಿಯಿಲ್ಲ. ಮೊಟ್ಟೆಯನ್ನು ಶುಚಿಮಾಡಿ, ಹೊಗೆಯಾಡಿಸಿ, ಬಿಸಿ ಪೆಟ್ಟಿಗೆಯಲ್ಲಿಟ್ಟು ಒಡೆಸುತ್ತಾರೆ. ಮರಿಯ ಕರುಳು ಆಗ ಯಾರೂ ಒಕ್ಕಲಿಲ್ಲದ ಹೊಸ ಮನೆಯಂತೆ. ಅಲ್ಲಿಂದ ಪ್ಲಾಸ್ಟಿಕ್ ಪೆಟ್ಟಿಗೆ, ಲಾರಿ, ಕೊನೆಗೆ ನಮ್ಮ ಶೆಡ್ಡಿನ ಹೊಟ್ಟಿನ ಹಾಸು. ಈ ದಾರಿಯಲ್ಲಿ ಮೊದಲು ಸಿಕ್ಕಿದವರು ಮನೆ ಹೊಕ್ಕುತ್ತಾರೆ. ಶುಚಿತ್ವವೇ ಇಲ್ಲಿ ಒಂದು ಬಗೆಯ ಅಪಾಯವಾದದ್ದು ವಿಚಿತ್ರವೆನಿಸಬಹುದು, ಆದರೆ ನಿಜ.

ಆದ್ದರಿಂದ ನಮ್ಮ ವಾದ ಇಷ್ಟು: ಉಪಕಾರಿ ಸೂಕ್ಷ್ಮಜೀವಿಗಳಿಂದ ನಿಜವಾದ ಪ್ರಯೋಜನ ಆಗಬೇಕಾದರೆ ಅವು ಮರಿಯೊಡೆದ ಮನೆಯಲ್ಲಿಯೇ, ಮೊದಲ ದಿನವೇ ಮರಿಗೆ ಸೇರಬೇಕು. ಹತ್ತು ದಿನ ಕಳೆದ ಮೇಲೆ ಸಾಕುವವನು ಅಂಗಡಿಯಿಂದ ಡಬ್ಬಿ ತಂದು ನೀರಿಗೆ ಬೆರೆಸುವುದು, ಮನೆ ಅನ್ಯರ ಕೈ ಸೇರಿದ ಮೇಲೆ ಬೀಗ ಕೊಂಡುತಂದಂತೆ. ಈಗಾಗಲೇ ಸೋಂಕು ಹಿಡಿದ ಮರಿಯಲ್ಲಿ ನುರ್ಮಿ ಪದ್ಧತಿ ಕೆಲಸ ಮಾಡುವುದಿಲ್ಲವೆಂಬುದು ಸಿದ್ಧಪಟ್ಟ ವಿಷಯ. ಮೇಲಿಂದ ಆ್ಯಂಟಿಬಯೋಟಿಕ್ ಕೊಟ್ಟರೆ ಕೂರಿಸಿದ ಉಪಕಾರಿಗಳೂ ಸಾಯುತ್ತವೆ. ಹೀಗಿರುವಾಗ ಹೊಣೆ ಯಾರದೆಂದು ಕೇಳಿದರೆ, ಮೊದಲ ಹೊಣೆ ಮರಿ ಉತ್ಪಾದಿಸಿ ಮಾರುವವರದು. ಆದರೆ ಪೇಟೆಯಲ್ಲಿ ನಡೆಯುತ್ತಿರುವುದು ತದ್ವಿರುದ್ಧ: ಖರ್ಚೂ ಹೊಣೆಯೂ ಜಾರಿ ಜಾರಿ ಸಾಕುವವನ ತಲೆಯ ಮೇಲೆ ಬರುತ್ತಿವೆ.

ಫಿನ್ಲೆಂಡಿನವರು ಈ ಪದ್ಧತಿಯನ್ನು ಬಳಕೆಗೆ ತಂದದ್ದು ಹೇಗೆ? 1987ರಿಂದ ಬ್ರೋಯ್ಲಾಕ್ಟ್ ಎಂಬ ಹೆಸರಿನಲ್ಲಿ ಅಲ್ಲಿ ಸಿದ್ಧ ಮಿಶ್ರಣ ದೊರೆಯತೊಡಗಿತು. ಮರಿಗಳು ಪೆಟ್ಟಿಗೆಯಲ್ಲಿರುವಾಗಲೇ ಅವುಗಳ ಮೇಲೆ ತುಂತುರಾಗಿ ಸಿಂಪಡಿಸುತ್ತಾರೆ. ಮರಿಗಳು ಪರಸ್ಪರರ ಪುಕ್ಕದ ಮೇಲಿನ ಹನಿಗಳನ್ನು ಕುಕ್ಕಿ ಕುಡಿಯುತ್ತವೆ. ಕೋಳಿಯ ಸ್ವಭಾವವನ್ನೇ ಉಪಯೋಗಿಸಿಕೊಂಡ ಸರಳ ಉಪಾಯ. ಆದರೆ ಇಷ್ಟರಿಂದಲೇ ಫಿನ್ಲೆಂಡಿನಲ್ಲಿ ಸಾಲ್ಮೊನೆಲ್ಲ ಹತೋಟಿಗೆ ಬಂತೆಂದು ಹೇಳಿದರೆ ಅರ್ಧ ಸತ್ಯವಾದೀತು. ಅಲ್ಲಿ ಆಹಾರವನ್ನು ಬಿಸಿಮಾಡಿ ಶುದ್ಧಗೊಳಿಸಿದರು, ತಾಯಿಕೋಳಿಗಳ ಹಿಂಡುಗಳನ್ನು ಪರೀಕ್ಷಿಸಿದರು, ಸೋಂಕು ಕಂಡ ಹಿಂಡನ್ನು ಉಳಿಸಲಿಲ್ಲ. 1995ರಲ್ಲಿ ಆ ದೇಶ ಐರೋಪ್ಯ ಒಕ್ಕೂಟ ಸೇರುವಾಗ, ಹೊರಗಿನಿಂದ ಬರುವ ಮಾಂಸ ಮೊಟ್ಟೆಗಳಿಗೂ ಸಾಲ್ಮೊನೆಲ್ಲ ಪರೀಕ್ಷೆ ಬೇಕೆಂಬ ವಿಶೇಷ ಭರವಸೆಯನ್ನು ಪಡೆಯುವಷ್ಟು ಅಲ್ಲಿನ ಏರ್ಪಾಡು ಗಟ್ಟಿಯಾಗಿತ್ತು. ಉಪಕಾರಿ ಬ್ಯಾಕ್ಟೀರಿಯ ಆ ಏರ್ಪಾಡಿನ ಒಂದು ಕೊಂಡಿ ಮಾತ್ರ.

ಅಮೇರಿಕದ ಕಥೆಯಲ್ಲಿ ಇನ್ನೊಂದು ಪಾಠವಿದೆ. ಹುಂಜದ ಕರುಳಿನಿಂದ ತೆಗೆದ ಮಿಶ್ರಣದಲ್ಲಿ ಯಾವ ಯಾವ ಜೀವಿಗಳಿವೆ ಎಂದು ಪೂರ್ತಿ ಪಟ್ಟಿ ಮಾಡುವುದು ಕಷ್ಟ. ಒಳ್ಳೆಯವರ ಗುಂಪಿನಲ್ಲಿ ಕೆಟ್ಟವನೊಬ್ಬ ನುಸುಳಿದ್ದರೆ? ಔಷಧ ನಿಯಂತ್ರಕರು ಹೀಗೆ ಕೇಳಿದ್ದು ನ್ಯಾಯವೇ. ಟೆಕ್ಸಾಸಿನ ಸರಕಾರಿ ಕೃಷಿ ಸಂಶೋಧಕರು ಹೆಸರು ಗುರುತಿಸಿದ 29 ಬಗೆಯ ಬ್ಯಾಕ್ಟೀರಿಯಗಳ ಮಿಶ್ರಣವನ್ನು ಸಿದ್ಧಪಡಿಸಿದರು. ಪ್ರಿಎಂಪ್ಟ್ ಎಂಬ ಹೆಸರಿನ ಅದಕ್ಕೆ 1998ರಲ್ಲಿ ಅಮೇರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು. ಆದರೂ ಅದು ಮಾರುಕಟ್ಟೆಯಲ್ಲಿ ಬಹುಕಾಲ ನಿಲ್ಲಲಿಲ್ಲ. 29 ಜೀವಿಗಳನ್ನು, ಅದರಲ್ಲೂ ಗಾಳಿ ಸೋಕಿದರೆ ಸಾಯುವಂಥವನ್ನು, ಬೆಳೆಸಿ ಜೀವಂತವಾಗಿ ತಲುಪಿಸುವುದು ಸುಲಭದ ಕೆಲಸವಲ್ಲ. ಒಂದೆರಡು ಜಾತಿಗಳನ್ನು ಬೆಳೆಸುವುದು ಸುಲಭ, ಅಗ್ಗ. ಆದ್ದರಿಂದ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೆರಡು ಜಾತಿಗಳ ಡಬ್ಬಿ. ಅದಕ್ಕೆ ಅಂಟಿಸುವ ಕೀರ್ತಿ ಮಾತ್ರ ನೂರಾರು ಜಾತಿಗಳ ನುರ್ಮಿ ಮಿಶ್ರಣದ್ದು. ಸಾಲ್ಮೊನೆಲ್ಲದ ವಿರುದ್ಧ ಒಂದೆರಡು ಜಾತಿಗಳಿಂದ ಇಡೀ ಮಿಶ್ರಣದಷ್ಟು ರಕ್ಷಣೆ ದೊರೆಯುವುದಿಲ್ಲವೆಂದು ಪ್ರಯೋಗಗಳು ಪುನಃ ಪುನಃ ತೋರಿಸಿವೆ.

ಹಾಗೆಂದು ಒಂದೆರಡು ಜಾತಿಗಳ ಡಬ್ಬಿಯೆಲ್ಲ ಮೋಸವೆಂದು ನಾವು ಹೇಳುವುದಿಲ್ಲ. ಬ್ಯಾಸಿಲಸ್ ಸಬ್‌ಟಿಲಿಸ್ ಎಂಬ ಜಾತಿ ಬರಗಾಲದಲ್ಲಿ ಬೀಜದಂತೆ ಗಟ್ಟಿ ಕವಚ ತೊಟ್ಟು ಮಲಗುತ್ತದೆ. ಕೋಳಿ ಆಹಾರವನ್ನು ಕಾಳಾಗಿ ಒತ್ತುವಾಗಿನ ಶಾಖವನ್ನೂ ತಾಳಿಕೊಳ್ಳುತ್ತದೆ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜನ್ಸ್ ಎಂಬ ಬ್ಯಾಕ್ಟೀರಿಯದಿಂದ ಕೋಳಿಯ ಕರುಳು ಕೊಳೆಯುವ ರೋಗದ ವಿರುದ್ಧ ಇದರ ಕೆಲವು ತಳಿಗಳು ಪ್ರಯೋಜನ ತೋರಿಸಿವೆ. ಮೊಸರಿನ ಬಳಗದ ಲ್ಯಾಕ್ಟೋಬ್ಯಾಸಿಲಸ್‌ಗೆ ಈ ಶಾಖ ತಡೆಯುವ ಶಕ್ತಿಯಿಲ್ಲ. ಬಿಸಿಯಲ್ಲಿ ಒತ್ತಿದ ಆಹಾರದೊಳಗೆ ಮೊದಲೇ ಲ್ಯಾಕ್ಟೋಬ್ಯಾಸಿಲಸ್ ಬೆರೆಸಿದ್ದೇವೆಂದು ಯಾರಾದರೂ ಹೇಳಿದರೆ, ಅದು ಜೀವಂತವಾಗಿ ಉಳಿದುದು ಹೇಗೆಂದು ಕೇಳುವ ಹಕ್ಕು ಕೊಳ್ಳುವವನಿಗಿದೆ. ದನಗಳ ವಿಷಯದಲ್ಲಿ, ಮನುಷ್ಯರಿಗೆ ರಕ್ತಭೇದಿ ತರುವ ಇ. ಕೋಲಿ ಓ157 ಎಂಬ ಬ್ಯಾಕ್ಟೀರಿಯ ಸೆಗಣಿಯಲ್ಲಿ ಹೊರಬೀಳುವುದನ್ನು ಕಡಿಮೆ ಮಾಡಲು ಅಮೇರಿಕದ ದೊಡ್ಡ ದೊಡ್ಡಿಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅಸಿಡೊಫಿಲಸಿನ ಒಂದು ತಳಿಯನ್ನು ಮೇವಿನಲ್ಲಿ ಬೆರೆಸಿ ಕೊಡುತ್ತಾರೆ. ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಇಲ್ಲಿ ಗಮನಿಸಬೇಕಾದುದು ತಳಿ ಎಂಬ ಮಾತು. ಭತ್ತವೆಲ್ಲ ಒಂದೇ ಅಲ್ಲವಷ್ಟೆ? ಒಂದೇ ಜಾತಿಯ ಬ್ಯಾಕ್ಟೀರಿಯದಲ್ಲಿಯೂ ಒಂದು ತಳಿ ಮಾಡಿದ ಕೆಲಸವನ್ನು ಇನ್ನೊಂದು ಮಾಡಬೇಕೆಂದಿಲ್ಲ. ತಳಿಯ ಗುರುತು ಬರೆಯದ ಡಬ್ಬಿಗೆ ಬೇರೆ ತಳಿಯ ಪ್ರಯೋಗದ ಫಲವನ್ನು ಸಾಕ್ಷಿಯಾಗಿ ಹೇಳುವಂತಿಲ್ಲ.

ಇಲ್ಲಿ ಓದುಗರಲ್ಲಿ ಅನೇಕರು ಕೇಳಬಹುದಾದ ಪ್ರಶ್ನೆ: ಕರುವಿಗೆ ಭೇದಿಯಾದಾಗ ನಮ್ಮ ಅಜ್ಜಿಯಂದಿರು ಮಜ್ಜಿಗೆ ಕುಡಿಸುತ್ತಿದ್ದರಲ್ಲ, ಅದೂ ಇದೇ ತಾನೆ? ಭಾಗಶಃ ಹೌದು. ಮಜ್ಜಿಗೆಯಲ್ಲಿ ಹುಳಿಯಿದೆ, ಜೀವಂತ ಬ್ಯಾಕ್ಟೀರಿಯಗಳಿವೆ, ನೀರಿದೆ. ಆದರೆ ಮೊಸರಿನ ಬ್ಯಾಕ್ಟೀರಿಯಗಳು ಹಾಲಿನಲ್ಲಿ ಬದುಕಲು ಕಲಿತವು. ಕರುವಿನ ಕರುಳಿನಲ್ಲಿ ಬೇರೂರಿ ನಿಲ್ಲುವ ಒಕ್ಕಲಲ್ಲ, ಹಾದುಹೋಗುವ ದಾರಿಹೋಕರು. ಸಣ್ಣ ಭೇದಿಗೆ ಸಹಾಯವಾಗಬಹುದು. ಕಣ್ಣು ಗುಳಿಬಿದ್ದು ಕಿವಿ ತಣ್ಣಗಾದ ಕರುವನ್ನು ಮಜ್ಜಿಗೆಯ ಭರವಸೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಕರು ಇರಲಾರದು. ಅದಕ್ಕೆ ಬೇಕಾದುದು ಉಪ್ಪು ಗ್ಲೂಕೋಸ್ ಬೆರೆತ ದ್ರಾವಣ ಮತ್ತು ಪಶುವೈದ್ಯರು.

ಕರುವಿನ ಮಟ್ಟಿಗೆ ಮೊದಲ ದಿನದ ಕಾವಲು ಬೇರೆಯೇ ಇದೆ: ಗಿಣ್ಣು ಹಾಲು. ಹುಟ್ಟಿದ ಕರುವಿನ ರಕ್ತದಲ್ಲಿ ರೋಗನಿರೋಧಕ ವಸ್ತು ಇಲ್ಲವೆನ್ನುವಷ್ಟು ಕಡಿಮೆ. ಅದು ಗಿಣ್ಣಿನಿಂದಲೇ ಬರಬೇಕು. ಗಿಣ್ಣಿನ ಆ ವಸ್ತುಗಳನ್ನು ಹಾಗೆಯೇ ಹೀರಿಕೊಳ್ಳಲು ಕರುವಿನ ಕರುಳು ತೆರೆದಿರುವುದು ಮೊದಲ ಕೆಲವು ಗಂಟೆಗಳು ಮಾತ್ರ. ಒಂದು ದಿನ ಕಳೆದರೆ ಬಾಗಿಲು ಮುಚ್ಚಿತು. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ಗಿಣ್ಣು ಮೊದಲ ದಿನ ಹೊಟ್ಟೆ ಸೇರಬೇಕೆಂದು ಪಶುವೈದ್ಯರು ಹೇಳುತ್ತಾರೆ. ನಮ್ಮ ಕಾಸರಗೋಡು ಗಿಡ್ಡ ತಳಿಯ ಕರು ತಾಯಿಯ ಪಕ್ಕದಲ್ಲಿಯೇ ಇದ್ದು, ಅದು ನೆಕ್ಕಿದಾಗ, ಮೊಲೆ ಚೀಪಿದಾಗ ಬೇಕಾದ ಸೂಕ್ಷ್ಮಜೀವಿಗಳನ್ನು ಪಡೆಯುತ್ತದೆ. ಗಿಣ್ಣನ್ನು ನೆರೆಕರೆಗೆ ಹಂಚುವ ಸಂತೋಷ ದೊಡ್ಡದೇ. ಹಂಚುವುದು ಕರುವಿಗೆ ಸಾಕಾದ ಮೇಲಿರಲಿ. ಡಬ್ಬಿಗೆ ಹಣ ಕೊಡುವ ಮೊದಲು ಈ ಉಚಿತ ಔಷಧ ಪೂರ್ತಿ ಸಂದಿದೆಯೇ ಎಂದು ನೋಡಿಕೊಳ್ಳುವುದು ಜಾಣತನ.

ಇನ್ನು ಡಬ್ಬಿಯ ಪ್ರಾಮಾಣಿಕತೆ. ಕೆನಡಾದಲ್ಲಿ 2011ರಲ್ಲಿ ಪ್ರಾಣಿಗಳಿಗೆಂದು ಮಾರುವ ಇಂಥ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಚೀಟಿಯಲ್ಲಿ ಹೇಳಿದಷ್ಟು ಜೀವಂತ ಬ್ಯಾಕ್ಟೀರಿಯ ಇರಲಿಲ್ಲ. ಅದು ತಂಪು ದೇಶ. ಏಪ್ರಿಲ್ ಮೇ ತಿಂಗಳ ನಮ್ಮ ಸೆಕೆಯಲ್ಲಿ, ತಗಡಿನ ಮಾಡಿನ ಅಂಗಡಿಯಲ್ಲಿ, ಆರು ತಿಂಗಳು ಕೂತ ಡಬ್ಬಿಯೊಳಗೆ ಏನು ಉಳಿದೀತು? ಸತ್ತ ಬ್ಯಾಕ್ಟೀರಿಯದಿಂದ ಸೀಟು ಹಿಡಿಸಲಾಗದು. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಉಪಕಾರಿಯೆಂದು ಕೊಡುವ ಬ್ಯಾಕ್ಟೀರಿಯವೇ ಮದ್ದಿಗೆ ಜಗ್ಗದ ಗುಣವನ್ನು ಹೊತ್ತಿದ್ದು, ಕರುಳಿನಲ್ಲಿ ಅಪಕಾರಿಗಳಿಗೆ ಅದನ್ನು ದಾಟಿಸಿದರೆ, ಕಳ್ಳನ ಕೈಗೆ ಕಾವಲುಗಾರನೇ ಬೀಗದ ಕೈ ಕೊಟ್ಟಂತೆ. ಈ ಕಾರಣಕ್ಕಾಗಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಮೇವಿಗೆ ಬೆರೆಸುವ ಪ್ರತಿಯೊಂದು ತಳಿಯ ವಂಶವಾಹಿಯನ್ನು ಓದಿ, ದಾಟಬಲ್ಲ ಅಂಥ ಗುಣ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದು ಸುರಕ್ಷಿತವೆಂದು ಅಭಿಪ್ರಾಯ ಕೊಡುತ್ತದೆ. ಆ್ಯಂಟಿಬಯೋಟಿಕ್‌ಗಳ ಮೇಲೆ ಇಷ್ಟು ಬಿಗಿಯಾದ ನಮ್ಮ ಸರಕಾರ ಅವುಗಳ ಜಾಗಕ್ಕೆ ಬರುತ್ತಿರುವ ವಸ್ತುಗಳ ಮೇಲೂ ಅಷ್ಟೇ ಕಣ್ಣಿಡಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಇಲ್ಲಿ ಮಾಂಸದ ಕೋಳಿ ಸಾಕುವವರಲ್ಲಿ ಅನೇಕರು ಒಪ್ಪಂದದ ಮೇಲೆ ಸಾಕುತ್ತಾರೆ. ಮರಿ ಕಂಪೆನಿಯದು, ಆಹಾರ ಕಂಪೆನಿಯದು, ಮದ್ದೂ ಕಂಪೆನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ಮಾತ್ರ ಸಾಕುವವನದು. ನಲವತ್ತು ದಿನ ಕಳೆದು ಲಾರಿ ಬಂದಾಗ ತೂಕಕ್ಕೆ ತಕ್ಕ ಸಾಕಣೆ ಕೂಲಿ. ಆಹಾರದ ಚೀಲದಲ್ಲಿ ಏನು ಬೆರೆತಿದೆ, ನೀರಿಗೆ ಹಾಕಿದ ಪುಡಿ ಯಾವುದು ಎಂದು ಅವನಿಗೆ ತಿಳಿದಿರುವುದು ಅಪರೂಪ. ಹೀಗಿರುವಾಗ ಮದ್ದಿನ ಅಂಶ ಸಿಕ್ಕಿತೆಂದು ನಾಳೆ ಯಾರಾದರೂ ಶೆಡ್ಡಿನ ಬಾಗಿಲಿಗೆ ಬಂದರೆ ಕೈಕಟ್ಟಿ ನಿಲ್ಲಬೇಕಾದವನು ಅವನೇ. ಮರಿಯ ಕರುಳಿಗೆ ಮೊದಲ ದಿನ ಯಾರು ಹೊಕ್ಕರೆಂಬುದು ನಿರ್ಧಾರವಾಗುವುದು ಅವನ ಶೆಡ್ಡಿನಿಂದ ಗಾವುದ ದೂರದ, ಹಲವು ಸಲ ರಾಜ್ಯದ ಗಡಿಯಾಚೆಯ, ಮರಿ ಕೇಂದ್ರದಲ್ಲಿ. ಕಾನೂನಿನ ಕಣ್ಣು ಅಲ್ಲಿಗೆ ತಲುಪಬೇಕು.

ಈ ದಿಕ್ಕಿನಲ್ಲಿ ಕೇರಳ ಸರಕಾರಕ್ಕೆ ಒಂದು ಅನುಕೂಲವಿದೆ. ಕುಟುಂಬಶ್ರೀಯ ‘ಕೇರಳ ಚಿಕನ್’ ಯೋಜನೆಯಲ್ಲಿ ಮರಿ, ಆಹಾರ, ಮದ್ದುಗಳನ್ನು ಯೋಜನೆಯೇ ಒದಗಿಸಿ, ಸಾಕುವ ಮಹಿಳೆಯರಿಗೆ ಸಾಕಣೆ ಕೂಲಿ ಕೊಡುತ್ತದೆ. ಮರಿ ಕೊಳ್ಳುವ ಕರಾರಿನಲ್ಲಿಯೇ, ಮರಿಗಳಿಗೆ ಮೊದಲ ದಿನ ಪರೀಕ್ಷಿತ ಉಪಕಾರಿ ಮಿಶ್ರಣ ಸಿಂಪಡಿಸಿರಬೇಕು, ತಾಯಿಕೋಳಿ ಹಿಂಡಿನ ಸಾಲ್ಮೊನೆಲ್ಲ ಪರೀಕ್ಷೆಯ ಫಲ ಜೊತೆಗಿರಬೇಕು ಎಂದು ಒಂದು ಷರತ್ತು ಸೇರಿಸಿದರೆ, ಖಾಸಗಿ ಕಂಪೆನಿಗಳೂ ಕ್ರಮೇಣ ಆ ದಾರಿಗೆ ಬರಬೇಕಾಗುತ್ತದೆ. ಇಷ್ಟು ದೊಡ್ಡ ಗಿರಾಕಿ ಕೇಳಿದರೆ ಮಾರುವವನು ಇಲ್ಲವೆನ್ನಲಾರ. ಮನುಷ್ಯರ ವಿಷಯದಲ್ಲಿ ಕೇರಳ ಈಗಾಗಲೇ ಮುಂದಿದೆ: 2018ರಲ್ಲಿಯೇ ಮದ್ದಿಗೆ ಜಗ್ಗದ ರೋಗಾಣುಗಳ ವಿರುದ್ಧ ಕಾರ್ಯಯೋಜನೆ ತಂದಿತು, 2024ರಲ್ಲಿ ಔಷಧದಂಗಡಿಗಳ ತಪಾಸಣೆಗೆ ‘ಆಪರೇಷನ್ ಅಮೃತ್’ ಆರಂಭಿಸಿತು, ಆ್ಯಂಟಿಬಯೋಟಿಕ್‌ಗಳನ್ನು ನೀಲಿ ಲಕೋಟೆಯಲ್ಲಿ ಕೊಡುವ ಕ್ರಮವನ್ನೂ ಹೂಡಿತು. ನೀಲಿ ಬಣ್ಣಕ್ಕೆ ಭಾಷೆಯಿಲ್ಲ. ಅದು ಎಲ್ಲರಿಗೂ ಅರ್ಥವಾಗುತ್ತದೆ.

ಆದರೆ ಅದರ ಮೇಲಿನ ಅಕ್ಷರಗಳಿಗೆ ಭಾಷೆಯಿದೆ. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಬೆಳ್ಳೂರಿನ ಹಿರಿಯ ಕೃಷಿಕರಲ್ಲಿ ಮಲಯಾಳ ಮಾತನಾಡಬಲ್ಲವರು ಬಹಳ, ಓದಬಲ್ಲವರು ಅಷ್ಟಿಲ್ಲ. ಮದ್ದು ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಸೊಸೈಟಿಗೆ ಹಾಕಬಾರದು, ಎಷ್ಟು ದಿನ ಕೋಳಿಯನ್ನು ಮಾರಬಾರದು ಎಂಬ ಸೂಚನೆ ಪೊಟ್ಟಣದ ಮೇಲೆ ಇಂಗ್ಲಿಷಿನ ಸಣ್ಣಕ್ಷರದಲ್ಲಿರುತ್ತದೆ. ತಿಳಿವಳಿಕೆಯ ಕರಪತ್ರ ಬಂದರೆ ಬಹುಪಾಲು ಮಲಯಾಳದಲ್ಲಿ. ಮದ್ದಿನ ಅಂಶವಿರುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡುವುದಿಲ್ಲ ಎಂಬಷ್ಟು ನಮ್ಮ ತಾಯಂದಿರು ಅನುಭವದಿಂದ ಬಲ್ಲರು. ಎಷ್ಟು ದಿನ ಎಂಬ ಲೆಕ್ಕ ಅನುಭವದಿಂದ ಬರುವುದಿಲ್ಲ, ಓದಿಯೇ ತಿಳಿಯಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿತು. ಕನ್ನಡದಲ್ಲಿ ಸೂಚನೆ ಬೇಕೆಂದು ಕೇಳಿದಾಗಲೆಲ್ಲ ಇದು ಭಾಷಾಭಿಮಾನದ ಮಾತೆಂದು ತಳ್ಳಿಹಾಕುವವರಿದ್ದಾರೆ. ಕೋಳಿಯ ಆಹಾರದ ಚೀಲದ ಮೇಲೆ ಅಭಿಮಾನ ಪಡುವಂಥದು ಏನಿದೆ? ಇದೇ ಎಣ್ಮಕಜೆಯ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದಾಗ, ಸುರಿಯುತ್ತಿರುವುದು ಏನೆಂದು ಕೆಳಗಿದ್ದವರು ತಿಳಿಯಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಈ ಜಿಲ್ಲೆ ಮರೆತಿಲ್ಲ.

ಮೃಗ ಸಂರಕ್ಷಣಾ ಇಲಾಖೆಯಿಂದ ನಾವು ಕೇಳುವುದು ದೊಡ್ಡ ಸಂಗತಿಗಳನ್ನಲ್ಲ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಪ್ರತಿಯೊಂದು ಮೃಗಾಸ್ಪತ್ರೆಯ ಗೋಡೆಯಲ್ಲಿ ನಿಷೇಧಿತ ಮದ್ದುಗಳ ಹೆಸರು, ಪ್ರತಿಯೊಂದು ಮದ್ದಿನ ಮೇಲೆ ಹಾಲು ಮೊಟ್ಟೆ ಮಾಂಸ ಮಾರದೆ ಕಾಯಬೇಕಾದ ದಿನಗಳು ಕನ್ನಡದಲ್ಲಿಯೂ ಇರಲಿ. ಪ್ರೊಬಯೋಟಿಕ್ ಎಂದು ಮಾರುವ ಡಬ್ಬಿಯ ಮೇಲೆ ಜಾತಿ, ತಳಿ, ಜೀವಂತ ಕಣಗಳ ಸಂಖ್ಯೆ, ಅವಧಿ ಮುಗಿಯುವ ದಿನ, ಇಡಬೇಕಾದ ಉಷ್ಣತೆ ಇರಲೇಬೇಕೆಂದು ಅಂಗಡಿಯವರಿಗೆ ತಾಕೀತು ಮಾಡಲಿ. ಪಂಚಾಯತಿನ ಗ್ರಾಮಸಭೆಯಲ್ಲಿ ಈ ಎರಡು ಬೇಡಿಕೆಗಳನ್ನು ಮಂಡಿಸಲು ಹತ್ತು ನಿಮಿಷ ಸಾಕು.

ಒಪ್ಪಂದದ ಮೇಲೆ ಸಾಕುವವರಿಗೆ ಒಂದು ಸೂಚನೆ. ಮುಂದಿನ ತಂಡದ ಮರಿಗಳನ್ನು ಲಾರಿಯಿಂದ ಇಳಿಸುವಾಗ ಮೇಲ್ವಿಚಾರಕರಲ್ಲಿ ಮೂರು ವಿಷಯ ಕೇಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ: ಮರಿ ಒಡೆದ ದಿನ ಮತ್ತು ಕೇಂದ್ರದ ಹೆಸರು, ಅಲ್ಲಿ ಮರಿಗಳಿಗೆ ಏನಾದರೂ ಸಿಂಪಡಿಸಿದ್ದರೆ ಅದರ ಹೆಸರು, ಈ ತಂಡದ ಆಹಾರದಲ್ಲಿ ಆ್ಯಂಟಿಬಯೋಟಿಕ್ ಇದೆಯೇ ಇಲ್ಲವೇ. ಉತ್ತರ ಕೊಟ್ಟವರ ಸಹಿಯನ್ನೂ ಹಾಕಿಸಿಕೊಳ್ಳಿ. ಉತ್ತರ ಗೊತ್ತಿಲ್ಲವೆಂದರೆ ಅದನ್ನೇ ದಿನಾಂಕ ಸಹಿತ ಬರೆದಿಡಿ. ನಾಳೆ ಮದ್ದಿನ ಅಂಶದ ಪ್ರಶ್ನೆ ಎದ್ದಾಗ ನಿಮ್ಮ ಕೈಯಲ್ಲಿರುವ ದಾಖಲೆ ಅದೊಂದೇ.